ಗಾರ್ಡ್‌ಗಳ ಅಡುಗೆಮನೆಗೆ ನಾನು ಮಾಡಿದ ಪೋಸ್ಟರ್

ಸ್ವಲ್ಪ ತಡೆಯಿರಿ. ಈ ಸಲ ಯಾರಿಗಾದರೂ ಏನಾದರೂ ಕೊಡುವ ಅಂತ ನಿಮ್ಮ ಗ್ರೂಪಿನಲ್ಲಿ ಮಾತು ನಡೆಯುತ್ತಿದ್ದರೆ, ತೆಗೆದುಕೊಳ್ಳುವವರ ಫೋಟೊ ತೆಗೆಯುವ ಮೊದಲು ಇದನ್ನೊಂದು ಓದಿ ಮುಗಿಸಿ. ಸ್ವಲ್ಪ ಉದ್ದ ಉಂಟು, ನನಗೆ ಚಿಕ್ಕದಾಗಿ ಹೇಳಲು ಬರುವುದಿಲ್ಲ.

ನಾನು ಸಮಾಜಸೇವೆ ಓದಿದವಳಲ್ಲ. ದೋಹಾದಲ್ಲಿ ಹೋಟೆಲ್ ಅಡುಗೆಮನೆಯ ಸಾಮಾನು ಮಾರುವ ಒಂದು ಕಂಪನಿಯಲ್ಲಿ ಕೊಟೇಶನ್ ಮಾಡುತ್ತೇನೆ. ದಾನದ ವಿಷಯ ಕಲಿತದ್ದೆಲ್ಲ ಫೋನಿನಲ್ಲಿ, ಮೆಟ್ರೊದಲ್ಲಿ ನಿಂತುಕೊಂಡು, ವಿಡಿಯೊ ನೋಡಿ. ಬಣ್ಣ ನೋಡಿ, ಪಾಸ್‌ಪೋರ್ಟ್ ನೋಡಿ ಜನರನ್ನು ಹಿಂದೆ ನಿಲ್ಲಿಸುವ ಕಡೆ ಸಾಮಾನು ಕೊಟ್ಟರೆ ಮಾತ್ರ ಸಾಲದು, ಏನು ಬೇಕು, ಹೇಗೆ ಬೇಕು ಅಂತ ತೀರ್ಮಾನಿಸುವ ಅಧಿಕಾರವನ್ನೂ ಅವರಿಗೇ ಕೊಡಬೇಕು ಅಂತ ಆ ವಿಡಿಯೊಗಳು ಹೇಳುತ್ತಿದ್ದವು. ಕೇಳಿ ಕೇಳಿ ನನಗೆ ಒಂದು ತರಹ ಜ್ವರ ಬಂದ ಹಾಗಾಗಿತ್ತು. ಎಲ್ಲಾದರೂ ಮಾಡಿ ನೋಡಲೇಬೇಕು ಅಂತ ಕಾಯುತ್ತಿದ್ದೆ.

ನಮ್ಮ ಆಫೀಸಿನ ಕಟ್ಟಡದ ಗೇಟಿನಲ್ಲಿ ಒಬ್ಬಳು ಎತ್ತರದ ಗಾರ್ಡ್ ನಿಲ್ಲುತ್ತಿದ್ದಳು. ಉಗಾಂಡದವಳು. ಅವಳದ್ದು ಹೊರಗಿನ ಪೋಸ್ಟ್, ಗಾಡಿ ಬಂದರೆ ಬ್ಯಾರಿಯರ್ ಎತ್ತುವ ಕೆಲಸ. ಒಳಗೆ ಎ.ಸಿ.ಯಲ್ಲಿ ಮೇಜಿನ ಹಿಂದೆ ಕೂರುವ ಗಾರ್ಡ್ ಕೂಡ ಅದೇ ಕಂಪನಿಯವಳು, ಅದೇ ಯೂನಿಫಾರ್ಮ್, ಆದರೆ ಬೇರೆ ದೇಶದವಳು. ನಾನು ಆ ಕಂಪನಿಯ ಎಷ್ಟೋ ಗೇಟುಗಳನ್ನು ನೋಡಿದ್ದೆ. ಬಿಸಿಲಿಗೆ ಆಫ್ರಿಕಾದವರು, ನೆರಳಿಗೆ ಬೇರೆಯವರು. ಒಂದು ದಿನ ಕೇಳಿಯೇ ಬಿಟ್ಟೆ, ನಿನ್ನ ಪೋಸ್ಟ್ ಬದಲಾಗುವುದಿಲ್ಲವಾ ಅಂತ. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ, ಇಲ್ಲಿ ನನ್ನ ಕನ್ನಡಕ್ಕೆ ತಂದಿದ್ದೇನೆ.

"ಬದಲಾಗ್ತದೆ ಸಿಸ್ಟರ್," ಅಂದಳು. "ಈ ಗೇಟಿಂದ ಆ ಗೇಟಿಗೆ."

ಅವಳ ಮಣಿಕಟ್ಟಿನಲ್ಲಿ ಸುಟ್ಟ ಗಾಯ ಇತ್ತು. ಅದೆಂತದು ಅಂದೆ. ಮೊದಲು ನಕ್ಕಳು, ಆಮೇಲೆ ಹೇಳಿದಳು. ಅವರಿಗೆ ಕಂಪನಿಯ ಊಟ ಬರುತ್ತದೆ. ಅನ್ನ, ದಾಲ್, ಕೋಳಿ ಗ್ರೇವಿ, ವರ್ಷವಿಡೀ ಅದೇ. ಅವಳಿಗೆ ಬೇಕಾದದ್ದು ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಅವರು ಪೋಶೊ ಅನ್ನುತ್ತಾರೆ. ಅದನ್ನು ಮಲಗುವ ರೂಮಿನಲ್ಲೇ ಕರೆಂಟಿನ ಕಾಯಿಲ್ ಒಲೆಯಲ್ಲಿ, ಮಂಚದ ಎಡೆಯಲ್ಲಿಟ್ಟು ಮಾಡುತ್ತಾರೆ. ರೂಮಿನಲ್ಲಿ ಒಲೆ ಇಡುವ ಹಾಗಿಲ್ಲ. ವಸತಿ ನೋಡಿಕೊಳ್ಳುವ ಕ್ಯಾಂಪ್ ಬಾಸ್ ಬಂದು ಹುಡುಕುತ್ತಾನೆ. ಅವರ ರೂಮಿಗೆ ಒಂದು ವಾರ್ನಿಂಗ್ ಆಗಿದೆ, ಇನ್ನೊಂದು ಸಲ ಸಿಕ್ಕಿದರೆ ಕೆಲಸ ಹೋಗಿ ಊರಿಗೆ ಟಿಕೆಟ್. ಹಿಂದೊಮ್ಮೆ ಹಾಸಿಗೆಯ ತುದಿಗೆ ಬೆಂಕಿ ತಗಲಿ, ಒದ್ದೆ ಕಂಬಳಿ ಹಾಕಿ ಒತ್ತಿ ಹಿಡಿದರಂತೆ. ಯಾರೂ ಕಿರುಚಲಿಲ್ಲ. ಕಿರುಚಿದರೆ ಒಲೆ ಇದ್ದದ್ದು ಗೊತ್ತಾಗುತ್ತಿತ್ತು.

"ಬೆಂಕಿಗೆ ಹೆದರಿಕೆ ಆಗಲಿಲ್ವಾ?"

"ಆಯ್ತು. ಕ್ಯಾಂಪ್ ಬಾಸಿಗೆ ಇನ್ನೂ ಜಾಸ್ತಿ ಹೆದರಿಕೆ."

ಆ ಗಾರ್ಡ್‌ಗಳು ಉಳಿದುಕೊಂಡ ವಿಲ್ಲಾ ಇದ್ದದ್ದು ಐನ್ ಖಾಲಿದ್‌ನಲ್ಲಿ, ನಾನು ಅಣ್ಣ ಅತ್ತಿಗೆಯ ಜೊತೆ ಇರುವ ಮನೆಯಿಂದ ನಡೆದುಹೋಗುವಷ್ಟು ಹತ್ತಿರ. ಆ ಹಿತ್ತಲಿನ ಗೋಡೆಯ ಪಕ್ಕದಲ್ಲೇ ನಾನು ಎಷ್ಟೋ ಸಲ ಮೊಸರು ತರಲು ಹೋಗಿದ್ದೆ.

ನಮ್ಮ ಕಂಪನಿಯ ಯಜಮಾನರನ್ನು ನಾವೆಲ್ಲ ಧಣಿ ಅನ್ನುತ್ತೇವೆ. ಮಂಗಳೂರು ಕಡೆಯವರು, ಇಲ್ಲಿಯ ಹಳೆ ಪೇಟೆ ಸೂಕ್ ವಾಕಿಫ್‌ನಲ್ಲಿ ಪಾತ್ರೆ ಮಾರಿ ಮೇಲೆ ಬಂದವರು. ಪ್ರತಿ ರಂಜಾನಿಗೆ ಲೇಬರ್ ಕ್ಯಾಂಪುಗಳಲ್ಲಿ ಊಟದ ಬಾಕ್ಸ್ ಹಂಚುತ್ತಾರೆ. ಈ ಸಲ ಬಾಕ್ಸಿನ ಬದಲು ಆ ಹೆಂಗಸರಿಗೆ ಒಂದು ಅಡುಗೆಮನೆ ಕೊಡುವ ಅಂತ ನಾನು ಕೇಳಲು ಹೋದಾಗ ಅವರ ಎದುರು ನಮ್ಮ ಊರಿನವರ ಸಂಘದ ಕಾರ್ಯದರ್ಶಿ ಸುಲೈಮಾನಿ ಚಹಾ ಕುಡಿಯುತ್ತಾ ಕೂತಿದ್ದರು.

"ಆಫ್ರಿಕಾದವರಿಗಾ?" ಅಂದರು ಕಾರ್ಯದರ್ಶಿ. "ಅಲ್ಲ ಮಾರಾಯ್ತಿ, ನಮ್ಮವರ ಕಷ್ಟ ಎಲ್ಲ ಮುಗೀತಾ? ಅವರಿಗೆ ಕಿಚನ್ ಕೊಟ್ರೆ ನಾಳೆ ಅಲ್ಲಿ ಗಲಾಟೆಯೇ."

"ಎಂತ ಗಲಾಟೆ ಸರ್? ಅವರಿಗೆ ಹಸಿವಾಗುವುದು ಅಷ್ಟೆ."

"ಇವಳಿಗೆ ವಿಡಿಯೊ ನೋಡಿ ತಲೆ ಹಾಳಾಗಿದೆ."

ಧಣಿ ನಕ್ಕರು. "ಇವಳ ತಲೆ ಮೊದಲೇ ಹಾಳು. ಇಲ್ಲದಿದ್ರೆ ಈ ಸಂಬಳಕ್ಕೆ ನನ್ನ ಹತ್ರ ಇರ್ತಿದ್ಲಾ?" ಆಮೇಲೆ ನನ್ನ ಕಡೆ ತಿರುಗಿ, "ಮಾಡು ಮಗಳೇ. ಗೋಡೌನಿನಲ್ಲಿ ಹಳೆ ಪೋರ್ಟಾ ಕ್ಯಾಬಿನ್, ಆ ತಗಡಿನ ರೂಮು, ಉಂಟಲ್ಲ, ಅದನ್ನು ತಗೊ. ಸಾಮಾನು ನಮ್ಮದೇ. ಹೊರಗೆ ಯಾರ ಹತ್ರವೂ ಒಂದು ರಿಯಾಲ್ ಎತ್ತಬೇಡ, ಇಲ್ಲಿ ಪರ್ಮಿಶನ್ ಇಲ್ಲದೆ ಎತ್ತುವ ಹಾಗಿಲ್ಲ. ಮತ್ತೆ ಆ ಗಾರ್ಡ್ ಕಂಪನಿಯವರು ಒಪ್ಪಬೇಕು" ಅಂದರು.

ಗಾರ್ಡ್ ಕಂಪನಿಯ ಆಪರೇಶನ್ಸ್ ಮ್ಯಾನೇಜರ್ ಕೇರಳದವರು. ಕಂಪನಿಗೆ ಖರ್ಚಿಲ್ಲ ಅಂದ ಮೇಲೆ ಒಪ್ಪಿದರು. ವಿಲ್ಲಾದ ಹಿತ್ತಲಲ್ಲಿ ಕ್ಯಾಬಿನ್ ಇಡಬಹುದು, ಗ್ಯಾಸ್ ಸಿಲಿಂಡರ್ ಬೇಡ, ಬೆಂಕಿ ಸುರಕ್ಷತೆಯ ತಪಾಸಣೆಯಲ್ಲಿ ಪಾಸಾಗಬೇಕು. ಇಷ್ಟೇ ಷರತ್ತು.

ಒಂದು ಶುಕ್ರವಾರ ಮಧ್ಯಾಹ್ನ ನಾನು ಡ್ರಾಯಿಂಗ್ ಹಿಡಿದುಕೊಂಡು ಹೋದೆ. ಗಾಜಿನ ಮೇಲ್ಮೈಯ ಇಂಡಕ್ಷನ್ ಒಲೆ ಸಾಲಾಗಿ, ಸೊಂಟದೆತ್ತರದ ಮೇಜಿನಲ್ಲಿ. ನನಗೆ ತುಂಬ ಚಂದ ಕಂಡಿತ್ತು. ಹೆಂಗಸರು ಹಿತ್ತಲಿನಲ್ಲಿ ಬಕೆಟ್ ಮಗುಚಿ ಹಾಕಿ ಕೂತರು. ಉಗಾಂಡ, ಕೀನ್ಯಾ, ಘಾನಾದವರು, ಗೋಡೆಯ ಬದಿಗೆ ನೇಪಾಳದ ಕೆಲವರು. ಎತ್ತರದ ಗಾರ್ಡ್ ಡ್ರಾಯಿಂಗ್ ನೋಡಿ ಎದ್ದು, ಒಂದು ಬಕೆಟನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಕಸಬರಿಗೆಯ ಕೋಲಿನಿಂದ ಒಳಗೆ ತಿರುವಿ ತೋರಿಸಿದಳು. ಬಕೆಟ್ ನೆಲದ ಮೇಲೆ ಗರಗರ ಸುತ್ತಿತು. ಗಾಜಿನ ಒಲೆಯಲ್ಲಿ ಹೀಗೆ ಮಾಡಿದರೆ ಗಾಜು ಉಳಿಯುತ್ತದಾ ಅಂತ ಎಲ್ಲರೂ ನಕ್ಕರು.

ಆವತ್ತೇ ಡ್ರಾಯಿಂಗ್ ಬದಲಾಯಿತು. ಮೇಜು ಮೊಣಕಾಲಿನ ಎತ್ತರಕ್ಕೆ ಇಳಿಯಿತು. ಇಂಡಕ್ಷನ್ ಹೋಗಿ ದಪ್ಪ ಎರಕದ ಕಬ್ಬಿಣದ ಹಾಟ್‌ಪ್ಲೇಟ್ ಬಂತು. ಪಾತ್ರೆ ಸುತ್ತದ ಹಾಗೆ ಹಿಡಿಯಲು ಮೇಜಿಗೆ ಕಬ್ಬಿಣದ ಅಡ್ಡಪಟ್ಟಿ ಬೇಕು ಅಂದರು. ನಮ್ಮ ವರ್ಕ್‌ಶಾಪಿನ ವೆಲ್ಡರ್ ಮಂಡ್ಯ ಕಡೆಯವನು. ನಾನು ಕೈಸನ್ನೆ ಮಾಡಿ ವಿವರಿಸುವುದನ್ನು ನೋಡಿ ಅವನೆಂದ, "ಮೇಡಂ, ಇದು ಮುದ್ದೆ ತಿರುವೋ ಲೆಕ್ಕ. ನಿಮ್ ಮಂಗ್ಳೂರ್ನೋರಿಗೆ ಏನ್ ಗೊತ್ತಾಯ್ತದೆ, ಕೊಡಿ ಇಲ್ಲಿ."

ಯಾರು ಬಳಸಬಹುದು ಅನ್ನುವುದನ್ನೂ ಅವರೇ ತೀರ್ಮಾನಿಸಿದರು. ಆಫ್ರಿಕಾದವರಿಗೆ ಮಾತ್ರ ಅಂತ ನಾನು ಅಂದುಕೊಂಡಿದ್ದೆ. ಎತ್ತರದ ಗಾರ್ಡ್ ಒಪ್ಪಲಿಲ್ಲ. "ನಮ್ಮನ್ನು ಬಾಗಿಲ ಹೊರಗೆ ನಿಲ್ಲಿಸಿದ್ದು ಸಾಲದಾ? ನಾವೂ ಯಾರನ್ನಾದ್ರೂ ನಿಲ್ಲಿಸುವುದಾ?" ಅಂದಳು. ಗೋಡೆಯ ಬದಿಗಿದ್ದ ನೇಪಾಳದವರು ಬಕೆಟ್ ಎಳೆದುಕೊಂಡು ಹತ್ತಿರ ಬಂದರು.

ಮೊದಲ ತಪಾಸಣೆಯಲ್ಲಿ ಫೇಲಾದೆವು. ಕಂಟ್ರಾಕ್ಟರ್ ಅಡುಗೆಯ ಕ್ಯಾಬಿನ್ನಿಗೆ ಹೊಗೆ ಪತ್ತೆಹಚ್ಚುವ ಡಿಟೆಕ್ಟರ್ ಹಾಕಿದ್ದ. ಎಣ್ಣೆಗೆ ಈರುಳ್ಳಿ ಬಿದ್ದದ್ದೇ ಇಡೀ ವಿಲ್ಲಾದ ಅಲಾರಂ ಬಡಿದುಕೊಂಡಿತು. ಡ್ಯೂಟಿ ಮುಗಿಸಿ ಮಲಗಿದ್ದವರೆಲ್ಲ ಬರಿಗಾಲಲ್ಲಿ ಓಡಿ ಬಂದರು. ಅದರ ಮೇಲೆ, ಹಾಟ್‌ಪ್ಲೇಟುಗಳ ಲೈನನ್ನು ಎ.ಸಿ.ಯ ಲೈನಿನಿಂದಲೇ ಎಳೆದಿದ್ದರು, ಎರಡು ಪ್ಲೇಟ್ ಹಾಕಿದರೆ ವಯರ್ ಬಿಸಿ. ಅಡುಗೆಮನೆಗೆ ಬೇಕಾದದ್ದು ಶಾಖಕ್ಕೆ ಮಾತ್ರ ಬಡಿಯುವ ಹೀಟ್ ಡಿಟೆಕ್ಟರ್, ಮತ್ತೆ ಮುಖ್ಯ ಬೋರ್ಡಿನಿಂದಲೇ ಬೇರೆ ದಪ್ಪ ಕೇಬಲ್, ಅದಕ್ಕೇ ಅಂತ ಒಂದು ಬ್ರೇಕರ್. ಎಲ್ಲ ಬಿಚ್ಚಿ ಪುನಃ ಮಾಡಿಸಿದೆ. ಎರಡನೇ ತಪಾಸಣೆಯಲ್ಲಿ ಪಾಸಾಯಿತು. ಆ ದಿನ ಸಂಜೆ ಅವರು ಮಾಡಿದ ಪೋಶೊ, ಬೀನ್ಸ್ ಸಾರು ತಿಂದು ಮನೆಗೆ ಬಂದೆ. ಅತ್ತಿಗೆ ಬಡಿಸಿದ ಮೀನು ಸಾರಿಗೆ ಹೊಟ್ಟೆಯಲ್ಲಿ ಜಾಗ ಇರಲಿಲ್ಲ.

ಇಲ್ಲಿಯವರೆಗೆ ಎಲ್ಲ ಸರಿ. ಇನ್ನು ಪೋಸ್ಟರ್.

ನಮ್ಮ ಕರಾವಳಿಯವರ ಅಭ್ಯಾಸ ನಿಮಗೆ ಗೊತ್ತು. ಮೂರು ಜನ ಸೇರಿದರೆ ಒಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ, ಒಬ್ಬ ಖಜಾಂಚಿ. ಆಯ್ಕೆಯಾದ ಗಳಿಗೆಗೆ ಪೋಸ್ಟರ್ ಬರಬೇಕು, ಮೇಲೆ ಗುಲಾಬಿ ಹೂ, ನಡುವೆ ಗುಂಡಗೆ ಕತ್ತರಿಸಿದ ಮುಖಗಳು, ಕೆಳಗೆ ಹಾರ್ದಿಕ ಅಭಿನಂದನೆ. ಗಲ್ಫಿನಲ್ಲಂತೂ ನಾನು ದಿನಾ ಇಂಥ ಪೋಸ್ಟರ್ ನೋಡುತ್ತೇನೆ. ಸಂಘದವರಿಗೆ ಅರ್ಧದಷ್ಟು ನಾನೇ ಮಾಡಿಕೊಟ್ಟದ್ದು. ಅದನ್ನೂ ಫೋನಿನಲ್ಲೇ ಕಲಿತೆ. ಹಾಗಾಗಿ ಅಡುಗೆಮನೆ ಅವರ ಕೈಗೆ ಹೋಗುವುದು ಅಂದರೆ ನನಗೆ ತೋಚಿದ್ದು ಒಂದೇ, ಕಮಿಟಿ.

"ಹೆಸರು ಬೇಕಾ?" ಅಂತ ಎತ್ತರದ ಗಾರ್ಡ್ ಕೇಳಿದಳು.

"ಯಾರಾದ್ರೂ ಜವಾಬ್ದಾರರು ಬೇಡ್ವಾ?"

ಅವಳು ಉಳಿದವರ ಮುಖ ನೋಡಿದಳು. ಕೊನೆಗೆ, ನೀನು ಇಷ್ಟು ಮಾಡಿದ್ದೀಯಲ್ಲ, ಹಾಕು, ಅಂದಳು. ಮೂವರ ಫೋಟೊ ತೆಗೆದೆ. ಅವಳು ಅಧ್ಯಕ್ಷೆ, ನಡುವಿನಲ್ಲಿ ದೊಡ್ಡ ವೃತ್ತ. ಚಂದ ಬಂತು. ಸಂಘದ ಗ್ರೂಪಿಗೆ ಮಾತ್ರ ಕಳಿಸಿದೆ, ಗಲಾಟೆ ಆಗುತ್ತದೆ ಅಂದಿದ್ದರಲ್ಲ, ಅವರಿಗೆ ತೋರಿಸಬೇಕಿತ್ತು. ಕಾರ್ಯದರ್ಶಿ ತಂಬ್ಸಪ್ ಹಾಕಿದರು. ಹಾಕಿ ಸುಮ್ಮನೆ ಇರಲಿಲ್ಲ. ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸಿ, ಆಫ್ರಿಕನ್ ಮಹಿಳಾ ಗಾರ್ಡ್‌ಗಳ ಮೊದಲ ಸಂಘಟನೆ ನಮ್ಮವರ ನೆರವಿನಿಂದ ಅಂತ ಬರೆದು, ತಮಗೆ ಗೊತ್ತಿದ್ದ ಗ್ರೂಪಿಗೆಲ್ಲ ಹಾಕಿದರು.

ಇಲ್ಲಿ ಹೊರಗಿನಿಂದ ಬಂದ ಕೆಲಸದವರು ಯೂನಿಯನ್ ಕಟ್ಟುವ ಹಾಗಿಲ್ಲ. ಅದು ನನಗೆ ಗೊತ್ತಿತ್ತು. ಅಡುಗೆಮನೆಗೂ ಅದಕ್ಕೂ ಸಂಬಂಧ ಉಂಟು ಅಂತ ಮಾತ್ರ ಹೊಳೆಯಲಿಲ್ಲ.

ಮರುದಿನ ಗೇಟಿನಲ್ಲಿ ಬೇರೆ ಗಾರ್ಡ್ ಇದ್ದಳು. ಎತ್ತರದವಳಿಗೆ ರಜೆಯಾ ಅಂತ ಕೇಳಿದೆ. ಅವಳು ನನ್ನ ಕಡೆ ನೋಡದೆ ಬ್ಯಾರಿಯರ್ ಎತ್ತಿದಳು. ಫೋನ್ ಮಾಡಿದರೆ ಸ್ವಿಚ್ ಆಫ್. ಆಫೀಸಿನಲ್ಲಿ ಕೂತು ಕೊಟೇಶನ್ ಮಾಡಲು ಹೋದರೆ ಅಂಕಿಗಳು ಕಾಣಿಸುವುದಿಲ್ಲ. ಮಧ್ಯಾಹ್ನ ಕೆಳಗಿಳಿದು ಪುನಃ ಕೇಳಿದೆ. ಈ ಸಲ ಅವಳು ತುಟಿ ಅಲ್ಲಾಡಿಸದ ಹಾಗೆ ಹೇಳಿದಳು, "ನೀನು ಮಾಡಿದ ಪೋಸ್ಟರ್ ನಮ್ಮ ಆಫೀಸಿಗೆ ಬಂತು. ಅವಳನ್ನು ಕರೆಸಿ ಯೂನಿಫಾರ್ಮ್ ತಗೊಂಡ್ರು. ಊರಿಗೆ ಕಳಿಸ್ತಾರಂತೆ. ದಯವಿಟ್ಟು ನನ್ನ ಹತ್ರ ಮಾತಾಡಬೇಡ, ಕ್ಯಾಮೆರಾ ಉಂಟು."

ಮೆಟ್ಟಿಲು ಹತ್ತಿದ್ದು ಹೇಗೆ ಅಂತ ನೆನಪಿಲ್ಲ. ಕಾರ್ಯದರ್ಶಿಗೆ ಫೋನ್ ಮಾಡಿ ಅದನ್ನು ಅಳಿಸಿ ಅಂತ ಬೇಡಿದೆ. "ಹೋದದ್ದು ಹೋಯ್ತಲ್ಲ," ಅಂದರು. "ನಿನಗೆ ಪ್ರಚಾರ ಮಾಡಿದ್ದಲ್ವಾ ನಾನು? ಎಂತ ಬೈಯ್ಯುದು?"

ಮನೆಯಲ್ಲಿ ಅಣ್ಣನಿಗೆ ಹೇಳಿದೆ. ಅವನು ಟಿವಿ ಆರಿಸಿದ. ಅವನು ಟಿವಿ ಆರಿಸುವುದು ದೊಡ್ಡ ವಿಷಯಕ್ಕೆ ಮಾತ್ರ.

"ಫೋಟೊದಲ್ಲಿ ನಿನ್ನ ಹೆಸರು ಉಂಟಾ?"

"ಇಲ್ಲ."

"ಹಾಗಾದ್ರೆ ಬಾಯಿ ಮುಚ್ಚಿ ಕೂತ್ಕೊ. ಆ ವಿಲ್ಲಾದ ಕಡೆ ಹೋಗಬೇಡ. ನಿನ್ನ ವೀಸಾ ಧಣಿಯ ಕೈಯಲ್ಲಿ, ನನ್ನದು ನನ್ನ ಕಂಪನಿಯ ಕೈಯಲ್ಲಿ. ಒಬ್ಬರಿಗೆ ಕಣ್ಣು ಬಿದ್ರೆ ಇಡೀ ಮನೆಗೆ."

ಅತ್ತಿಗೆ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಆ ಬಾಗಿಲು ಮೆಲ್ಲಗೆ ಮುಚ್ಚಿದ್ದು ಅಣ್ಣನ ಮಾತಿಗಿಂತ ಜಾಸ್ತಿ ಹೆದರಿಸಿತು. ಹೊರಗೆ ಗಾಡಿ ನಿಂತರೆ ಕಿಟಕಿಯ ಪರದೆ ಸರಿಸಿ ನೋಡುವ ಹಾಗಾಯಿತು ನನ್ನ ಅವಸ್ಥೆ. ನನಗೇ ಇಷ್ಟು ಭಯವಾದರೆ, ನಡುವಿನ ದೊಡ್ಡ ವೃತ್ತದಲ್ಲಿ ಮುಖ ಇರುವವಳಿಗೆ ಹೇಗಿರಬಹುದು.

ಧಣಿಗೆ ವಿಷಯ ಮುಟ್ಟಿತ್ತು. ಬೆಳಿಗ್ಗೆ ತಮ್ಮ ರೂಮಿಗೆ ಕರೆದರು. ಸಿಟ್ಟು ಮಾಡುತ್ತಾರೆ ಅಂದುಕೊಂಡಿದ್ದೆ, ಅವರು ಮೆತ್ತಗೆ ಮಾತಾಡಿದರು.

"ಇನ್ನೊಂದು ಪೋಸ್ಟರ್ ಮಾಡು. ಕಿಚನ್ ನಮ್ಮ ಕಂಪನಿಯದ್ದು, ನಡೆಸುವುದು ನಾವು, ಸಂಘದವರ ಫೋಟೊ ಹಾಕು. ಆ ಹುಡುಗಿಯರು ಇದರಲ್ಲಿ ಇಲ್ಲವೇ ಇಲ್ಲ. ನಾನೇ ಅವರ ಮ್ಯಾನೇಜರಿಗೆ ಕಳಿಸ್ತೇನೆ. ಖಲಾಸ್. ಅವಳ ಕೆಲಸವೂ ಉಳೀಬಹುದು."

ಮಾತು ಸರಿಯಾಗಿಯೇ ಇತ್ತು. ಮೇಜಿಗೆ ಬಂದು ಪೋಸ್ಟರ್ ಮಾಡಿದೆ. ಕಾರ್ಯದರ್ಶಿಯವರ ಮುಖ ಅದೇ ದೊಡ್ಡ ವೃತ್ತದಲ್ಲಿ ಸರಿಯಾಗಿ ಕೂತಿತು. ಕಳಿಸುವ ಬಟನ್ ಮೇಲೆ ಬೆರಳಿಟ್ಟೆ. ಆಗ ಹೊಳೆದದ್ದು ಇಷ್ಟೇ: ಮೊದಲನೆಯದನ್ನು ನಾನು ಅವರ ಪರವಾಗಿ ಅಂತ ಕಳಿಸಿದ್ದೆ, ಇದನ್ನೂ ಅವರ ಪರವಾಗಿಯೇ ಕಳಿಸುತ್ತಿದ್ದೇನೆ. ಎರಡು ಸಲವೂ ಯಾರ ಕೆಲಸ ಹೋಗುವುದೋ ಅವರನ್ನು ಕೇಳಿಲ್ಲ. ಕೇಳದೆ ಕಳಿಸುವುದಿಲ್ಲ ಅಂತ ತೀರ್ಮಾನ ಮಾಡಿದೆ. ಧಣಿಗೆ, ಡಿಸೈನ್ ಸರಿ ಬರುತ್ತಾ ಇಲ್ಲ, ಸಂಜೆವರೆಗೆ ಟೈಂ ಕೊಡಿ ಸರ್, ಅಂದೆ. ಅಣ್ಣನಿಗೆ ಏನೂ ಹೇಳಲಿಲ್ಲ.

ಊಟದ ಬಿಡುವಿನಲ್ಲಿ ವಿಲ್ಲಾಕ್ಕೆ ಹೋದೆ. ಕ್ಯಾಬಿನ್ನಿಗೆ ಕ್ಯಾಂಪ್ ಬಾಸಿನ ಬೀಗ ಬಿದ್ದಿತ್ತು. ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದವರು ನನ್ನನ್ನು ಕಂಡು ಒಬ್ಬೊಬ್ಬರೇ ಒಳಗೆ ಹೋದರು. ಹಿಂದಿನ ವಾರ ನನ್ನ ತಟ್ಟೆಗೆ ಒತ್ತಾಯ ಮಾಡಿ ಬಡಿಸಿದವರು ಅವರೇ. ಎತ್ತರದ ಗಾರ್ಡ್ ರೂಮಿನಲ್ಲಿ ಮಂಚದ ಕೆಳಗಿನ ಅಂತಸ್ತಿನಲ್ಲಿ ಬಾಗಿ ಕೂತಿದ್ದಳು, ಮನೆಯ ಬಟ್ಟೆಯಲ್ಲಿ. ಸೂಟ್‌ಕೇಸ್ ಬಾಗಿಲ ಹತ್ತಿರ ಇತ್ತು.

"ಯಾರಿಗೆಲ್ಲ ಕಳಿಸಿದ್ದೀ?"

ಹೇಳಿದೆ.

"ಹಿಂದೆ ತೆಗೀಲಿಕ್ಕೆ ಆಗ್ತದಾ?"

"ಇಲ್ಲ."

"ಸರಿ," ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಧಣಿಯ ಪೋಸ್ಟರ್ ತೋರಿಸಿದೆ. ಏನು ಮಾಡಬೇಕು ನೀವೇ ಹೇಳಿ ಅಂದೆ. ಬಾಗಿಲಲ್ಲಿ ಕೆಲವರು ಬಂದು ನಿಂತರು. ಘಾನಾದವಳೊಬ್ಬಳು, ಒಪ್ಪಿಕೊಳ್ಳುವ, ಇವಳ ಕೆಲಸ ಉಳಿಯಲಿ, ಅಂದಳು. ಇನ್ನೊಬ್ಬಳು ಕಾರ್ಯದರ್ಶಿಯವರ ಫೋಟೊ ಹತ್ತಿರದಿಂದ ನೋಡಿ, "ನನಗೆ ಹಸಿವಾದಾಗೆಲ್ಲ ಈ ಅಂಕಲ್ಲಿಗೆ ಫೋನ್ ಮಾಡಬೇಕಾ?" ಅಂದಳು. ಆ ಹೊತ್ತಿನಲ್ಲೂ ಒಂದಿಬ್ಬರು ನಕ್ಕರು. ಎತ್ತರದ ಗಾರ್ಡ್ ನಗಲಿಲ್ಲ. ಆದರೆ ಬೇಡ ಅಂತ ತಲೆಯಾಡಿಸಿದಳು. ಬಾಗಿಲಿಗೆ ಒರಗಿದ್ದ ನೇಪಾಳದವಳು ಹೇಳಿದಳು, "ಕಿಚನನ್ನೇ ಒಂದು ಪೋಸ್ಟ್ ಮಾಡಿದ್ರೆ?"

ಅವರಿಗೆಲ್ಲ ತಕ್ಷಣ ಅರ್ಥವಾಯಿತು, ನನಗೆ ವಿವರಿಸಬೇಕಾಯಿತು. ಗಾರ್ಡ್‌ಗಳ ಕೆಲಸದಲ್ಲಿ ಪ್ರತಿ ಗೇಟೂ ಒಂದು ಪೋಸ್ಟ್. ಬದಲಿ ಬರುವವರೆಗೆ ಇದ್ದವಳು ಕದಲುವ ಹಾಗಿಲ್ಲ. ಬಂದವಳಿಗೆ ಬೀಗದಕೈ ಕೊಟ್ಟು, ಏನು ಸರಿ ಇದೆ, ಏನು ಕೆಟ್ಟಿದೆ ಅಂತ ಬಾಯಲ್ಲಿ ಒಪ್ಪಿಸಿ ಹೋಗಬೇಕು. ಹ್ಯಾಂಡಿಂಗ್ ಟೇಕಿಂಗ್ ಅನ್ನುತ್ತಾರೆ. ಅಡುಗೆಮನೆಯನ್ನೂ ಹಾಗೇ ನಡೆಸುವುದು. ಡ್ಯೂಟಿಯಿಂದ ಬಂದವಳು ಬೀಗದಕೈ ತೆಗೆದುಕೊಳ್ಳುತ್ತಾಳೆ, ಪ್ಲೇಟ್ ಆರಿದೆಯಾ, ಬ್ರೇಕರ್ ಇಳಿಸಿದೆಯಾ ನೋಡುತ್ತಾಳೆ, ಮುಂದಿನವಳಿಗೆ ಒಪ್ಪಿಸುತ್ತಾಳೆ. ಆ ಹೊತ್ತಿಗೆ ಬೀಗದಕೈ ಯಾರ ಕೈಯಲ್ಲೋ ಅವಳೇ ಜವಾಬ್ದಾರಿ. ಅದಕ್ಕೆ ಅಧ್ಯಕ್ಷೆಯೂ ಬೇಡ, ಕಮಿಟಿಯೂ ಬೇಡ. ಕಂಪನಿ ಬೇಡ ಅನ್ನುವ ಹಾಗೂ ಇಲ್ಲ, ಕಂಪನಿಯೇ ಕಲಿಸಿದ ಕ್ರಮ.

ಇದನ್ನು ಮ್ಯಾನೇಜರಿಗೆ ಹೇಳುವವರು ಯಾರು? ಅವರಲ್ಲಿ ಯಾರು ಹೋದರೂ ಅವಳೇ ಮುಂದಿನ ಲೀಡರ್. ಎಲ್ಲರೂ ನನ್ನನ್ನು ನೋಡಿದರು.

"ನಾನು ಹೋಗ್ತೇನೆ," ಅಂದೆ. "ನೀನು ಎಷ್ಟು ಒಳ್ಳೆಯವಳು ಅಂತ ಎಲ್ಲ ಹೇಳ್ತೇನೆ."

"ಬೇಡ." ಎತ್ತರದ ಗಾರ್ಡ್ ಮೊದಲ ಸಲ ಸ್ವರ ಏರಿಸಿದಳು. "ನನ್ನ ಪರವಾಗಿ ಮಾತಾಡಬೇಡ ಸಿಸ್ಟರ್. ನೀನು ಮಾತಾಡಿದಷ್ಟೂ ನಾನು ಲೀಡರ್ ಆಗ್ತೇನೆ. ಪೋಸ್ಟರ್ ನಿನ್ನದು ಅಂತ ಹೇಳು. ಕಿಚನ್ ಪೋಸ್ಟ್ ಆಗಲಿ ಅಂತ ಹೇಳು. ಅಷ್ಟೇ. ನನ್ನ ಹೆಸರು ನಿನ್ನ ಬಾಯಲ್ಲಿ ಬರಬಾರದು."

ಮ್ಯಾನೇಜರ್ ಆಫೀಸಿನ ಹೊರಗೆ ಕಾಯುವಾಗ ನಾನು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಎರಡು ಸಲ ಎದ್ದು ಲಿಫ್ಟಿನವರೆಗೆ ಹೋಗಿ ವಾಪಸು ಬಂದೆ. ಒಳಗೆ ಕರೆದಾಗ ಅವರು ಫೋನನ್ನು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿಟ್ಟರು. ನನ್ನ ಗುಲಾಬಿ ಹೂಗಳು.

"ಇದನ್ನು ನಮ್ಮ ಕ್ಲೈಂಟ್ ನೋಡಿದ್ರೆ? ಲೇಬರ್ ಇಲಾಖೆಯವರು ನೋಡಿದ್ರೆ? ನಿಮ್ಮನ್ನು ಕರೆಯುವುದಿಲ್ಲ ಮ್ಯಾಡಂ, ನನ್ನನ್ನು ಕರೀತಾರೆ. ನನಗೂ ಮಕ್ಕಳು ಇಲ್ಲೇ ಶಾಲೆಗೆ ಹೋಗ್ತಾರೆ."

"ಪೋಸ್ಟರ್ ಮಾಡಿದ್ದು ನಾನು ಸರ್. ಅವರು ಯಾರೂ ಕೇಳಿರಲಿಲ್ಲ. ನಮ್ಮ ಊರಿನ ಕ್ರಮ ಅಂತ ನಾನೇ ಮಾಡಿದ್ದು. ಸಂಘಟನೆ ಅಂತ ಬರೆದದ್ದು ಬೇರೆಯವರು. ಅಂಥದ್ದು ಏನೂ ಇಲ್ಲ."

"ಈ ಎತ್ತರದವಳು ತಾನೇ ಇದರ ತಲೆ?"

ಎಷ್ಟು ಮಾತು ಬಾಯಿಗೆ ಬಂತು. ಬೆಂಕಿ ಆರಿಸಿದ್ದು, ನೇಪಾಳದವರನ್ನು ಸೇರಿಸಿಕೊಂಡದ್ದು, ಅವಳಿಲ್ಲದಿದ್ದರೆ ಗಾಜಿನ ಒಲೆ ಒಡೆದು ಯಾರದ್ದಾದರೂ ಕೈ ಹೋಗುತ್ತಿದ್ದದ್ದು. ಎಲ್ಲ ನುಂಗಿದೆ.

"ಪೋಸ್ಟರ್ ನನ್ನದು ಸರ್."

"ನಾನು ಕೇಳಿದ್ದು ಅದಲ್ಲ."

"ಪೋಸ್ಟರ್ ನನ್ನದು."

ಅವರು ನನ್ನನ್ನೇ ನೋಡಿದರು. "ನೀವು ಇಲ್ಲಿ ಬಂದದ್ದು ನಿಮ್ಮ ಧಣಿಗೆ ಗೊತ್ತುಂಟಾ?"

"ಇಲ್ಲ."

ಅವರು ಫೋನ್ ಎತ್ತಿಕೊಂಡರು. ಧಣಿಗೇ ಮಾಡುತ್ತಾರೆ, ನನ್ನ ಕೆಲಸ ಮುಗಿಯಿತು, ಅಣ್ಣನ ಮುಖ ಹೇಗೆ ನೋಡುವುದು ಅಂತ ಅಂದುಕೊಂಡೆ. ಆದರೆ ಅವರು ಫೋನನ್ನು ಸುಮ್ಮನೆ ಮಗುಚಿ ಇಟ್ಟರು. ನಾನು ಉಳಿದದ್ದನ್ನು ಹೇಳಿದೆ, ಪೋಸ್ಟ್, ಬೀಗದಕೈ, ಹ್ಯಾಂಡಿಂಗ್ ಟೇಕಿಂಗ್. ಅವರು ಮಧ್ಯದಲ್ಲಿ ತಡೆದರು.

"ಇದು ಯಾರ ಐಡಿಯಾ?"

"ಅಲ್ಲಿದ್ದವರೆಲ್ಲರದ್ದು."

ಅವರು ಹೇಳಿದರು, "ಪೋಸ್ಟ್ ಅಂತ ನಡೀಲಿ. ಫೋಟೊ ಮಾಫಿ, ಬೋರ್ಡ್ ಮಾಫಿ, ಉದ್ಘಾಟನೆ ಮಾಫಿ, ಯಾವುದೂ ಇಲ್ಲ. ಇನ್ನೊಂದು ಇಂಥದ್ದು ಬಂದ್ರೆ ಕ್ಯಾಬಿನ್ ಎತ್ತಿಸ್ತೇನೆ. ನೀವು ಹೋಗಬಹುದು." ಅವಳ ವಿಷಯ ಏನೂ ಹೇಳಲಿಲ್ಲ. ಕೇಳಬಾರದು ಅಂತ ನನಗೆ ಅಪ್ಪಣೆಯಾಗಿತ್ತು. ಕೇಳದೆ ಬಾಗಿಲು ದಾಟಿದ್ದು ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು.

ಧಣಿಗೆ ಎಲ್ಲ ಹೇಳಿದೆ. ಈ ಸಲ ಬೈದರು, ಸರಿಯಾಗಿಯೇ ಬೈದರು. ಕೊನೆಗೆ ಕೇಳಿದರು, "ಹಾಗಾದ್ರೆ ನಮ್ಮ ಕಂಪನಿಯ ಬೋರ್ಡೂ ಇಲ್ವಾ ಅಲ್ಲಿ?"

"ಇಲ್ಲ ಸರ್."

"ಬಾಕ್ಸ್ ಕೊಟ್ಟಿದ್ರೆ ಒಂದು ಫೋಟೊ ಆದ್ರೂ ಸಿಕ್ತಿತ್ತು." ಆಮೇಲೆ ಆ ವಿಷಯ ಎತ್ತಲಿಲ್ಲ. ಎರಡನೇ ಪೋಸ್ಟರನ್ನೂ ಕೇಳಲಿಲ್ಲ. ಒಂದು ಹಾಟ್‌ಪ್ಲೇಟ್ ಕೆಟ್ಟಾಗ ಬದಲಿಗೆ ಹೊಸದು ಕಳಿಸಲು ಮಾತ್ರ ತಡಮಾಡಲಿಲ್ಲ.

ಕ್ಯಾಬಿನ್ನಿನ ಬೀಗ ತೆಗೆದರು. ಅವಳ ಸುದ್ದಿ ಮಾತ್ರ ಇಲ್ಲ. ಪ್ರತಿ ಬೆಳಿಗ್ಗೆ ಗೇಟಿನ ತಿರುವಿನಲ್ಲಿ ನಡಿಗೆ ನಿಧಾನ ಮಾಡುತ್ತಿದ್ದೆ, ಕಾಣುತ್ತಿದ್ದದ್ದು ಬೇರೆ ಮುಖ. ವಿಮಾನ ಮೇಲೆ ಹೋದರೆ ತಲೆ ಎತ್ತಿ ನೋಡುತ್ತಿದ್ದೆ. ಕೊನೆಗೊಂದು ದಿನ ಗೇಟಿನವಳು ಬ್ಯಾರಿಯರ್ ಎತ್ತುತ್ತಾ, ಯೂನಿಫಾರ್ಮ್ ವಾಪಸು ಕೊಟ್ರು, ಅಲ್ ಶಮಾಲಿಗೆ ಹಾಕಿದ್ದಾರೆ, ಅಂದಳು. ದೇಶದ ಆ ತುದಿ. ಅಲ್ಲೊಂದು ಸೈಟಿನ ಹೊರಗೇಟು, ಬೇರೆ ವಸತಿ. ಮಾಮೂಲಿ ವರ್ಗಾವಣೆ ಅಂತ ಕಂಪನಿ ಹೇಳಿದೆಯಂತೆ. ಅವಳು ಕೋಲು ಹಿಡಿದು ತೋರಿಸಿ ಮಾಡಿಸಿದ ಒಲೆಯಲ್ಲಿ ಇನ್ನು ಉಳಿದವರು ಅಡುಗೆ ಮಾಡುತ್ತಾರೆ, ಅವಳಿಗೆ ಅದು ಇಲ್ಲ.

ತುಂಬ ದಿನ ಕಳೆದು ಅವಳೇ ಫೋನ್ ಮಾಡಿದಳು, ಬೇರೆ ನಂಬರಿನಿಂದ. ನಾನು ಕ್ಷಮೆ ಕೇಳಲು ಶುರು ಮಾಡಿದೆ, ಅವಳು ನಿಲ್ಲಿಸಿದಳು.

"ಅಲ್ಲಿ ಸರಿ ನಡೀತಾ ಉಂಟಾ?"

"ಹೌದಂತೆ. ನಾನು ಹೋಗಿಲ್ಲ."

"ಒಳ್ಳೇದು." ಗಾಳಿಯ ಶಬ್ದ ಬರುತ್ತಿತ್ತು. "ಇಲ್ಲಿಯ ಹುಡುಗಿಯರಿಗೆ ಆ ಕಿಚನ್ ವಿಷಯ ಗೊತ್ತುಂಟು. ಅದನ್ನು ಮಾಡಿದ್ದು ಯಾರು ಅಂತ ನನ್ನನ್ನೇ ಕೇಳ್ತಾರೆ. ಯಾರೂ ಅಲ್ಲ ಅಂತೇನೆ."

ಅಲ್ಲಿ ಅಡುಗೆಗೆ ಏನು ಮಾಡುತ್ತಾರೆ ಅಂತ ಕೇಳಿದೆ. ಅದೇ, ಮಂಚದ ಎಡೆಯಲ್ಲಿ ಕಾಯಿಲ್, ಅಂದಳು. ಗೋಡೌನಿನಲ್ಲಿ ಇನ್ನೊಂದು ಕ್ಯಾಬಿನ್ ಉಂಟು, ನಾಳೆಯೇ ಧಣಿಯ ಹತ್ತಿರ ಮಾತಾಡುತ್ತೇನೆ ಅಂತ ಬಾಯಿ ತೆರೆದೆ.

"ಸಿಸ್ಟರ್, ನೀನಾಗಿ ಬರಬೇಡ," ಅಂದಳು. ಗದರಿಕೆ ಇರಲಿಲ್ಲ. "ನಾವು ಮೊದಲು ನಮ್ಮೊಳಗೆ ಮಾತಾಡ್ತೇವೆ. ಬೇಕಾದ್ರೆ ಕರೀತೇವೆ."

ಫೋನ್ ಇಟ್ಟಳು. ಇದುವರೆಗೆ ಕರೆ ಬಂದಿಲ್ಲ. ಗೊತ್ತಿಲ್ಲದ ನಂಬರ್ ಬಂದರೆ ಮೊದಲ ರಿಂಗಿಗೇ ಎತ್ತುತ್ತೇನೆ. ಅಲ್ಲಿ ಬೆಂಕಿ ಬಿದ್ದ ಸುದ್ದಿಯಾ, ಅವಳ ಕರೆಯಾ ಅಂತ ಎತ್ತುವವರೆಗೂ ಗೊತ್ತಾಗುವುದಿಲ್ಲ.

ನೀವೂ ಗಲ್ಫಿನಲ್ಲೋ ಊರಿನಲ್ಲೋ ಯಾರಿಗಾದರೂ ಒಳ್ಳೆಯದು ಮಾಡಲು ಹೋಗಿ ಅವರನ್ನೇ ಅಪಾಯಕ್ಕೆ ಸಿಕ್ಕಿಸಿದ್ದುಂಟಾ? ಆಗ ಏನು ಮಾಡಿದಿರಿ, ಅವರು ನಿಮಗೆ ಏನು ಹೇಳಿದರು? ಅಥವಾ ನೀವೇ ತೆಗೆದುಕೊಳ್ಳುವ ಕಡೆ ಇದ್ದವರಾದರೆ, ಕೊಡಲು ಬಂದವರಿಂದ ತಪ್ಪಿಸಿಕೊಂಡದ್ದು ಹೇಗೆ? ಕೆಳಗೆ ಬರೆಯಿರಿ. ಎಷ್ಟು ಉದ್ದವಾದರೂ ಓದುತ್ತೇನೆ. ಅವರ ಹೆಸರು, ಕಂಪನಿ, ಫೋಟೊ ಮಾತ್ರ ಹಾಕಬೇಡಿ.